ರೈಜೆಲ್ ಪಕ್ಕದ ಪುಟ್ಟ ನಕ್ಷತ್ರ ನೋಡಿದ್ದು ಹೀಗೆ

ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ರೈಜೆಲ್‌ಗೆ ಒಂದು ಜೊತೆ ನಕ್ಷತ್ರ ಇದೆ. ಟೆಲಿಸ್ಕೋಪ್ ಇರುವ ಎಷ್ಟೋ ಜನ ಅದನ್ನು ಹುಡುಕುವುದೇ ಇಲ್ಲ, ನೇರ ಮಹಾವ್ಯಾಧನ ನೆಬ್ಯುಲಾಗೆ (ಹೊಳೆಯುವ ಅನಿಲದ ಮೋಡಕ್ಕೆ) ಹೋಗಿಬಿಡುತ್ತಾರೆ. ನನ್ನ ಹತ್ತಿರ ಇರುವುದು ಆರಿಂಚಿನ ಕನ್ನಡಿಯ ಡಾಬ್ಸೋನಿಯನ್, ಅಂದರೆ ಕೈಯಿಂದಲೇ ತಿರುಗಿಸುವ ಸರಳ ಟೆಲಿಸ್ಕೋಪ್. ಅಷ್ಟು ಸಾಕು.

ರೈಜೆಲ್ ಬರಿಗಣ್ಣಿಗೇ ಎದ್ದು ಕಾಣುತ್ತದೆ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಒಂದು ಕಡೆ ಕೆಂಪಗೆ ಆರ್ದ್ರಾ, ಇನ್ನೊಂದು ಕಡೆ ನೀಲಿ ಬಿಳುಪಿನ ರೈಜೆಲ್. ಮೇಲ್ಮೈ ಬಿಸಿ ಸುಮಾರು 12,000 ಡಿಗ್ರಿ, ಅಂದರೆ ಸೂರ್ಯನ ಎರಡು ಪಟ್ಟು. ತೂಕ ಸುಮಾರು 20 ಸೂರ್ಯರಷ್ಟು. ದೂರ ಸುಮಾರು 860 ಬೆಳಕಿನ ವರ್ಷ, ಹೆಚ್ಚು ಕಡಿಮೆ ಬಸವಣ್ಣನವರ ಕಾಲದಲ್ಲಿ ಹೊರಟ ಬೆಳಕು ಈಗ ನಮ್ಮ ಕಣ್ಣಿಗೆ ಬೀಳುತ್ತಿದೆ.

ಕಷ್ಟ ಇರುವುದೇ ಈ ಹೊಳಪಿನಲ್ಲಿ. ಜೊತೆ ನಕ್ಷತ್ರ ಸುಮಾರು 400 ಪಟ್ಟು ಮಂಕು, ನಡುವಿನ ಅಂತರ 9.5 ಆರ್ಕ್ ಸೆಕೆಂಡ್ ಮಾತ್ರ (ಒಂದು ಡಿಗ್ರಿಯಲ್ಲಿ 3,600 ಆರ್ಕ್ ಸೆಕೆಂಡ್). ಟೆಲಿಸ್ಕೋಪಿನಲ್ಲಿ ಗುರು ಗ್ರಹ ಎಷ್ಟು ಅಗಲ ಕಾಣುತ್ತದೋ ಸುಮಾರು ಅದರ ಕಾಲು ಭಾಗ ಅಷ್ಟೇ. ಗಾಳಿ ಸ್ವಲ್ಪ ಅಲುಗಾಡಿದರೂ ರೈಜೆಲ್ ಹರಡಿಕೊಂಡು ಅದನ್ನು ನುಂಗಿಬಿಡುತ್ತದೆ.

ಹಾಗಾಗಿ ನಾನು ಆರಿಸಿಕೊಂಡಿದ್ದು ಮಾರ್ಚ್ ಮೊದಲ ವಾರದ ಮುಸ್ಸಂಜೆ. ಆಗ ರೈಜೆಲ್ ಕತ್ತಲಾಗುವ ಹೊತ್ತಿಗೇ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಿರುತ್ತದೆ, ಕರ್ನಾಟಕದಿಂದ ನೋಡಿದರೆ ನೆತ್ತಿಗೆ 20 ಡಿಗ್ರಿ ಚಿಲ್ಲರೆ ಅಷ್ಟೇ ಬಾಕಿ. ಆಕಾಶದಲ್ಲಿ ಇನ್ನೂ ಬೆಳಕು ಉಳಿದಿರುವುದರಿಂದ ಕಣ್ಣಿಗೆ ರೈಜೆಲ್ ಅಷ್ಟು ಕುಕ್ಕುವುದಿಲ್ಲ. ತಾರಸಿ ಬೇಡ, ಹಗಲಿಡೀ ಕಾದ ಸಿಮೆಂಟು ರಾತ್ರಿಯವರೆಗೂ ಬಿಸಿ ಬಿಟ್ಟು ಗಾಳಿಯನ್ನು ಅಲುಗಾಡಿಸುತ್ತಲೇ ಇರುತ್ತದೆ. ಟೆಲಿಸ್ಕೋಪನ್ನು ಹುಲ್ಲಿನ ಮೇಲೆ ಇಟ್ಟೆ, ಒಂದು ಗಂಟೆ ಮುಂಚೆಯೇ ಹೊರಗಿಟ್ಟು ಕನ್ನಡಿ ತಣಿಯಲು ಬಿಟ್ಟೆ, ಕನ್ನಡಿಗಳ ಹೊಂದಾಣಿಕೆಯನ್ನೂ ಆಗಲೇ ನೋಡಿಕೊಂಡೆ. ವರ್ಧನೆ ಸುಮಾರು 150 ಪಟ್ಟು.

ಎಲ್ಲಿ ನೋಡಬೇಕು ಅನ್ನುವುದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಟೆಲಿಸ್ಕೋಪನ್ನು ಮುಟ್ಟದೆ ಸುಮ್ನೆ ಬಿಡಿ, ರೈಜೆಲ್ ಯಾವ ಕಡೆ ಜಾರುತ್ತದೋ ಅದು ಪಶ್ಚಿಮ. ಕೊಳವೆಯನ್ನು ಧ್ರುವ ನಕ್ಷತ್ರದ ಕಡೆಗೆ ಸ್ವಲ್ಪ ನೂಕಿ, ರೈಜೆಲ್ ಸರಿಯುವ ಕಡೆ ದಕ್ಷಿಣ. ಜೊತೆ ನಕ್ಷತ್ರ ಇರುವುದು ದಕ್ಷಿಣಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿ. ಕೊಳವೆಯೊಳಗೆ ಚಿಕ್ಕ ಕನ್ನಡಿ ಹಿಡಿದಿರುವ ಕಂಬಿಗಳಿಂದ ರೈಜೆಲ್ ಸುತ್ತ ನಾಲ್ಕು ಬೆಳಕಿನ ಗೆರೆ ಮೂಡುತ್ತದಲ್ವಾ, ಅದರ ಕೆಳಗೆ ಜೊತೆ ನಕ್ಷತ್ರ ಸಿಕ್ಕಿಕೊಂಡಿರಬಹುದು. ಅರ್ಧ ಗಂಟೆ ಬಿಟ್ಟು ನೋಡಿ, ಆಕಾಶ ತಿರುಗಿ ಅದು ಗೆರೆಯಿಂದ ಹೊರಗೆ ಬಂದಿರುತ್ತದೆ.

ನನಗೆ ಅದು ಒಮ್ಮೆಲೇ ಕಾಣಲಿಲ್ಲ. ಗಾಳಿ ನಿಂತ ಕ್ಷಣ ಚುಕ್ಕಿ, ಮತ್ತೆ ಮಾಯ. ಕಣ್ಣು ತೆಗೆಯದೆ ಕಾಯುತ್ತಾ ಹೋದ ಹಾಗೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂತು, ಆಮೇಲೆ ಅನುಮಾನ ಉಳಿಯಲಿಲ್ಲ. ಎಷ್ಟು ಖುಷಿ ಆಯ್ತು ಅಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. 1831ರಲ್ಲಿ ಖಗೋಳ ವಿಜ್ಞಾನಿ ಸ್ಟ್ರೂವ್ ಅಳೆದಿದ್ದೂ ಇದನ್ನೇ, ಅಂದಿನಿಂದ ಇದು ಹೆಚ್ಚುಕಮ್ಮಿ ಅಲ್ಲೇ ಇದೆ. ಆ ಚುಕ್ಕಿಯೂ ಒಂಟಿಯಲ್ಲ, ಅದರೊಳಗೆ ಮೂರು ನಕ್ಷತ್ರಗಳಿವೆ. ಅವುಗಳನ್ನು ಬಿಡಿಸಿ ನೋಡುವುದು ಮಾತ್ರ ನಮ್ಮ ಟೆಲಿಸ್ಕೋಪುಗಳಿಗೆ ಆಗದ ಕೆಲಸ.