ಗರಸು ನೆಲದಾಗ ಹುಲ್ಲು ಎಬ್ಬಿಸಿದ್ದು: ನನ್ನ ಅನುಭವ

ಬೀದರಿನ ಕೆಂಪು ಗರಸು ಹೆಂಗಿರ್ತದ ಅಂತ ನಿಮಗೆ ಹೇಳೋದು ಬೇಡ. ಅಂಥ 4 ಎಕರೆ ಪಾಳು ನನ್ನ ಪಾಲಿಗೆ ಬಂದಾಗ ಮಾವು ಹಚ್ಚು, ತೇಗ ಹಚ್ಚು ಅಂದವರೇ ಎಲ್ಲ. "ಹುಲ್ಲು ಯಾರಾದ್ರೂ ಬಿತ್ತತಾರೇನು?" ಅಂದ ನನ್ನ ತಮ್ಮ. ಈ ಮಿರಗಕ್ಕ (ಜೂನ್ ಮೊದಲಿನ ಮಳೆ) ಆರು ವರ್ಷ. ಹೋದ ಚಳಿಗಾಲದಾಗ ಹೊನ್ನಿಕೇರಿ ಕಾಡಿನ ಕಡೆಯಿಂದ ಹತ್ತು ಹನ್ನೊಂದು ಚಿಗರಿ ಬಂದು ಮೇಯ್ದು ಹೋದವು. ತಮ್ಮನೇ ಕರೆದು ತೋರಿಸಿದ!

ಮೊದಲ ದುಡ್ಡು ನುಂಗಿದ್ದು ಬಳ್ಳಾರಿ ಜಾಲಿ. ಜೆಸಿಬಿ ತರಿಸಿ ಕೀಳಿಸಿದೆ, ಸುಮಾರು 38 ಸಾವಿರ. ಮಣ್ಣು ಬುಡಮೇಲಾಗಿ ಮಳೆ ಬಿದ್ದ ಮ್ಯಾಲ ಸೊಂಟದುದ್ದ ಕಾಂಗ್ರೆಸ್ ಕಸ, ನಡುನಡುವೆ ಜಾಲಿ ಸಸಿ. ಮರುವರ್ಷ ಕೊಡಲಿ ಹಿಡಿದರೆ ಒಂದು ಬುಡಕ್ಕ ಹತ್ತು ಚಿಗುರು. ಕೊನೆಗೆ ಕೈಗೂಡಿದ್ದು ಬುಡ ಬಿಡಿಸಿ, ನೆಲದಿಂದ ಒಂದು ಗೇಣು ಕೆಳಗ ಗಡ್ಡೆ ಸಮೇತ ಕಡಿಯೋದು. ಕೂಲಿ ಎರಡು ಪಟ್ಟು, ಆದರ ಕಡಿದದ್ದು ಮತ್ತೆ ಏಳಲಿಲ್ಲ.

ನಮ್ಮ ಕಡೆಯ ಕುಸಳಿ ಹುಲ್ಲಿನ ಬೀಜದಾಗೂ ಹಂಗೇ ಸೋತೆ. ರೋಟವೇಟರ್ ಹೊಡೆದು ಮುಚ್ಚಿಬಿಟ್ಟಿದ್ದೆ, ಎದ್ದದ್ದು ಬೆರಳೆಣಿಕೆ. ಧೋತ್ರಕ್ಕ ಚುಚ್ಚೋ ಆ ಬೀಜದ ಬಾಲ ಹಸಿಯಾದರ ತಿರುಗಿ ತಿರುಗಿ ತಾನೇ ನೆಲ ಕೊರೀತದ, ನಮ್ಮ ನೇಗಿಲು ಬೇಕಿಲ್ಲ. ದೀಪಾವಳಿ ಆಜುಬಾಜು ಆರಿಸಿ, ಬೇಸಿಗೆ ಪೂರ್ತಿ ಚೀಲದಾಗಿಟ್ಟು, ಮಿರಗದ ಮೊದಲ ಹಸಿಗೆ ಚೆಲ್ಲಿದೆ. ಹೊಸ ಬೀಜ ಮಲಗಿರ್ತದ, ಆ ಏಳೆಂಟು ತಿಂಗಳು ಬೇಕೇಬೇಕು. ಇರುವೆ ಬೀಜ ಒಯ್ಯೋ ಕಡೆ ಕೆಮ್ಮಣ್ಣು, ಸಗಣಿಯಾಗ ಬೀಜ ಇಟ್ಟು ಉಂಡಿ ಮಾಡಿದೆ. ಅದರಾಗ ಸೇರಿಸೋ ಮೂರನೇದು ಸದ್ಯ ನನ್ನ ಹಂತೇಕ ಇರಲಿ.

ನಡುವ ಅರ್ಧ ಎಕರೆಗೆ ಸ್ಟೈಲೋ ಅನ್ನೋ ಹೊರಗಿನ ಮೇವಿನ ಬೆಳೆ ಬಿತ್ತಿದೆ. ದನಕ್ಕ ಚಲೋ ಮೇವು, ಆದರ ನಮ್ಮ ಹುಲ್ಲನ್ನೇ ಒತ್ತಿ ಬೆಳೀತು. ಎರಡು ಮಳೆಗಾಲ ಕಿತ್ತೆ. ಮಾರ್ವೇಲ್ ಹುಲ್ಲು ಮಾತ್ರ ಬೇರು ಸೀಳಿ ನೆಟ್ಟಲ್ಲೆಲ್ಲ ಹಿಡೀತು, ತಗ್ಗಿನಾಗಂತೂ ಭರ್ತಿ.

ಬೀಜ ಉದುರೋ ತನಕ ಒಂದು ಕುರಿ ಬಿಡಲಿಲ್ಲ, ಕುಸಳಿ ಉಣ್ಣೆಯೊಳಗ ಹೊಕ್ಕು ತೊಗಲಿಗೆ ಚುಚ್ಚತದ. ಆಮೇಲೆ ನಮ್ಮ 3 ದೇವಣಿ ಆಕಳು ಮೇಯಿಸಿ, ಉಳಿದದ್ದು ಕೊಯ್ದು ಮಾರಿದೆ. ಹೋದ ವರ್ಷ 22 ಸಾವಿರ ಬಂತು ಅಂತ ನೆನಪು. ಬದುವಿನ ಕಡೆ ಒಂದು ಪಟ್ಟಿ ಕೊಯ್ಯೋದಿಲ್ಲ, ಅಲ್ಲಿ ನೆಲಗುಬ್ಬಿ ಗೂಡು ಕಟ್ಟ್ಯಾವ.

ಈ ಸಲ ಐದಾರು ಚೀಲ ಕುಸಳಿ ಬೀಜ ಹೆಚ್ಚಿಗಿ ಅದ. ಮಿರಗಕ್ಕ ಮೊದಲು ಬಂದವರು ಒಯ್ಯಿರಿ, ದುಡ್ಡು ಬೇಡ.