ಉತ್ತರ ಸಮುದ್ರದ ಸೀಲ್ ವೈರಸ್, ನಮ್ಮ ದಡ್ಡಿಯ ಕುರಿ: ನನ್ನ ಅನುಭವ

ಧಾರವಾಡದ ಸಪ್ತಾಪುರದಾಗ ರೂಮಿನ್ಯಾಗ ಕುಂತು ಸೀಲ್ ಅನ್ನೋ ಸಮುದ್ರ ಪ್ರಾಣಿಗಳ ವೈರಸ್ ಮ್ಯಾಲ ಪ್ರಾಜೆಕ್ಟ್ ಮಾಡಾಕತ್ತೀನಿ ಅಂದ್ರ ಎಲ್ಲಾರೂ ಕೇಳೋದು ಒಂದ, ಇಲ್ಲಿಗೂ ಸಮುದ್ರಕ್ಕೂ ಏನ ಸಂಬಂಧ? ನಮ್ಮದು ಮುಂಡರಗಿ ಕಡೆ ಕುರಿ ಸಾಕೋ ಮನಿ, ಪಿಪಿಆರ್ (ಕುರಿ-ಆಡುಗಳಿಗೆ ಬರೋ ಅಂಟುರೋಗ) ಬಂದಾಗ ಮೂಗಿನ್ಯಾಗ ಸಿಂಬಳ, ಬಾಯಾಗ ಹುಣ್ಣು, ಭೇದಿ, ಮರಿಗಳು ದಡ್ಡಿಯೊಳಗ ನೆಲಕ್ಕ ಗದ್ದ ಹಚ್ಚಿ ಮಲಗಿದ್ವು ಮತ್ತ ಏಳಲಿಲ್ಲ, ಅದು ಇನ್ನೂ ಕಣ್ಣಾಗ ಐತಿ. 1988ರಾಗ ಯುರೋಪಿನ ಉತ್ತರ ಸಮುದ್ರದ ದಂಡಿಗೆ ಸುಮಾರು 18,000 ಸೀಲ್ ಸತ್ತಿದ್ದೂ ಅದ ಕುಲದ ವೈರಸ್‌ನಿಂದ. ಮಾರ್ಬಿಲಿವೈರಸ್. ಮಕ್ಕಳಿಗೆ ಬರೋ ದಡಾರನೂ ಇದ ಮನೆತನದ್ದು.

ಸ್ಯಾಂಪಲ್ ನಾ ಮುಟ್ಟಿಲ್ಲ, ಜೆನ್‌ಬ್ಯಾಂಕ್ ಅನ್ನೋ ಆನ್‌ಲೈನ್ ಭಂಡಾರದಾಗ ಎಲ್ಲಾರಿಗೂ ತೆರೆದಿಟ್ಟ ಸೀಕ್ವೆನ್ಸ್, ಅಂದ್ರ ವೈರಸ್‌ನ ಆನುವಂಶಿಕ ಅಕ್ಷರಗಳ ಸಾಲು, ಇಳಿಸ್ಕೊಂಡೆ. ಮೊದಲ ಕೆಲಸ ಉದ್ದ ನೋಡೋದು. ಸೀಲ್ ವೈರಸ್‌ದು 15,696 ಅಕ್ಷರ, ಕುರಿಯ ಪಿಪಿಆರ್ ವೈರಸ್‌ದು 15,948, ಡಾಲ್ಫಿನ್ ವೈರಸ್‌ದು 15,702, ಮೂರನ್ನೂ ಆರರಿಂದ ಭಾಗಿಸ್ರಿ, ಶೇಷ ಉಳಿಯಂಗಿಲ್ಲ. ಈ ವೈರಸ್‌ನ ಆರ್‌ಎನ್‌ಎ, ಅಂದ್ರ ಆ ಅಕ್ಷರಗಳ ಎಳಿ ಮ್ಯಾಲ ಒಂದೊಂದು ಎನ್ ಪ್ರೋಟೀನ್ ಆರಾರು ಅಕ್ಷರ ಮುಚ್ಚಿಕೊಂಡು ಕುಂತಿರತೈತಿ, ಅದಕ್ಕ ಹಂಗ. ಪೂರ್ತಿ ಜೀನೋಮ್ (ವೈರಸ್‌ನ ಇಡೀ ಅಕ್ಷರ ಸಾಲು) ಅಂತ ಬರೆದಿದ್ದು ಆರರಿಂದ ಭಾಗ ಆಗಲಿಲ್ಲ ಅಂದ್ರ ತುದಿ ಹರದೈತೇನು, ಓದೋದ್ರಾಗ ತಪ್ಪೈತೇನು ಅಂತ ನಾ ಮೊದಲ ಅದನ್ನ ನೋಡತೀನಿ.

ಆಮ್ಯಾಲ ಎಚ್ ಜೀನ್ (ವೈರಸ್ ಜೀವಕೋಶಕ್ಕ ಅಂಟಿಕೊಳ್ಳೋ ಪ್ರೋಟೀನ್‌ನ ಜೀನ್) ಒಂದನ್ನ ತಗೊಂಡು, ಸೀಕ್ವೆನ್ಸ್ ಸಾಲಾಗಿ ಹೊಂದಿಸೋ ಮಾಫ್ಟ್ ಪ್ರೋಗ್ರಾಂನಾಗ ಜೋಡಿಸಿ, ವಂಶವೃಕ್ಷ (ಟ್ರೀ) ಕಟ್ಟೋ ಐಕ್ಯೂ-ಟ್ರೀಗೆ ಕೊಟ್ಟೆ. ಒಂದು ಟೊಂಗಿ ಸ್ಕ್ರೀನ್ ದಾಟಿ ಹೊರಗ ಹೋಗಿತ್ತು. ಎರಡು ದಿನ ತಲಿ ಕೆಡಿಸ್ಕೊಂಡು ಹುಡುಕಿದ ಮ್ಯಾಲ ಗೊತ್ತಾತು, ಆ ಒಂದು ಸೀಕ್ವೆನ್ಸ್ ತಿರುಗಾಮುರುಗಾ ಇತ್ತು, ಎದುರಿನ ಎಳಿ ಓದಿದ್ದು ಅದು. ಮಾಫ್ಟ್‌ನಾಗ ದಿಕ್ಕು ಸರಿ ಮಾಡೋ ಆಪ್ಷನ್ ಐತಿ, ಹೊಸದಾಗಿ ಮಾಡೋರು ಮೊದಲ ಅದನ್ನ ಹಾಕ್ರಿ, ದಯವಿಟ್ಟು.

ಸರಿ ಆದ ಟ್ರೀ ನೋಡಿದಾಗ ಮೈ ಜುಂ ಅಂತು. ಸೀಲ್ ವೈರಸ್ ಕುಂತಿದ್ದು ನಾಯಿಗಳಿಗೆ ಬರೋ ಡಿಸ್ಟೆಂಪರ್ ರೋಗದ ವೈರಸ್ ಪಕ್ಕದಾಗ, ಸಮುದ್ರದಾಗಿನ ಡಾಲ್ಫಿನ್ ವೈರಸ್ ಮಾತ್ರ ದಡಾರ, ಪಿಪಿಆರ್, 2011ರಾಗ ಜಗತ್ತಿನಿಂದನ ಅಳಿದ ದನಗಳ ರೋಗ ರಿಂಡರ್‌ಪೆಸ್ಟ್ ಇವುಗಳ ಕಡೆ. ಎರಡೂ ನೀರಿನ ಪ್ರಾಣಿಗಳಾದ್ರೂ ವೈರಸ್‌ನ ವಂಶ ಬ್ಯಾರೆ. ರಷ್ಯಾದ ಬೈಕಲ್ ಸರೋವರದ ಸೀಲ್‌ಗಳು 1987-88ರಾಗ ಸತ್ತಿದ್ದು ನಾಯಿ ಡಿಸ್ಟೆಂಪರ್‌ನಿಂದನ, ಯುರೋಪಿನ ಸೀಲ್‌ಗಳದ್ದು ಬ್ಯಾರೆ ವೈರಸ್, ಆ ಫರಕು ಹಿಡಿದುಕೊಟ್ಟಿದ್ದು ಜೀನ್ ಓದಿದ್ದ.

ರಜಾದಾಗ ಊರಿಗೆ ಹೋದಾಗ ಅಪ್ಪಗ ಟ್ರೀ ತೋರಿಸಿದೆ. ನಮ್ಮ ಕುರಿದು ಎಲ್ಲೈತಿ ಅಂದ್ರು. ಬಟ್ಟಿಟ್ಟು ತೋರಿಸಿದೆ. ಅಪ್ಪ ಬಾಳೊತ್ತು ಅದನ್ನ ನೋಡಕೋತ ಕುಂತ್ರು, ಆಮ್ಯಾಲ ಕೇಳಿದ್ರು, "ಆ ಸೀಲ್‌ಗಳಿಗೂ ಹಿಂಗ ಸಿಂಬಳ ಸುರೀತಿತ್ತೇನಪಾ?" ಹೌದ್ರಿ ಅಪ್ಪ, ಸುರೀತಿತ್ತು ಅಂದೆ.