ಮಗಳಿಗಾಗಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಆರಿಸಿದ್ದು

ಮಗಳು ಹೈಸ್ಕೂಲು ಸೇರಿದ ವರ್ಷ ಅವಳಿಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್, ಅಂದರೆ ಸಮೀಕರಣಗಳ ನಕ್ಷೆಯನ್ನೂ ಬರೆದು ತೋರಿಸುವ ಯಂತ್ರ, ಬೇಕಾಯಿತು. ಕೊಳ್ಳುವ ಮೊದಲು ಪರಿಚಿತರಿಂದ ಮೂರು ಯಂತ್ರಗಳನ್ನು ಒಂದು ವಾರದ ಮಟ್ಟಿಗೆ ಎರವಲು ತಂದೆ: ಟೆಕ್ಸಸ್ ಇನ್ಸ್ಟ್ರುಮೆಂಟ್ಸ್ (ಟಿಐ) ಕಂಪನಿಯ ಹಳೆಯ ಕಪ್ಪು-ಬಿಳುಪು ಟಿಐ-84 ಪ್ಲಸ್, ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇ ಮತ್ತು ಕ್ಯಾಸಿಯೊ ಎಫ್‌ಎಕ್ಸ್-ಸಿಜಿ50. ಯಾವುದರಲ್ಲಿ ಎಷ್ಟು ಸೌಲಭ್ಯಗಳಿವೆ ಎಂಬುದಕ್ಕಿಂತ ಮಗಳು ಎಲ್ಲಿ ತಡವರಿಸುತ್ತಾಳೆ ಎಂದು ನೋಡುವುದು ನನಗೆ ಮುಖ್ಯವಾಗಿತ್ತು.

ಅದಕ್ಕೂ ಮುಂಚೆ ಪರೀಕ್ಷೆಯ ನಿಯಮ ಓದಿದೆ. ಸಿಎಎಸ್ (ಕಂಪ್ಯೂಟರ್ ಆಲ್ಜಿಬ್ರಾ ಸಿಸ್ಟಮ್) ಇರುವ ಯಂತ್ರಗಳು ಅಂಕಿಗಳ ಜೊತೆಗೆ ಎಕ್ಸ್, ವೈ ಮುಂತಾದ ಬೀಜಗಣಿತದ ಅಕ್ಷರಗಳನ್ನೂ ಇಟ್ಟುಕೊಂಡು ಲೆಕ್ಕ ಹಾಕುತ್ತವೆ. ಬೀಜೋಕ್ತಿ ಕೊಟ್ಟರೆ ಅಪವರ್ತನಗಳನ್ನೇ ಬರೆದುಕೊಡುತ್ತವೆ. ಅಮೆರಿಕದ ಕಾಲೇಜು ಪ್ರವೇಶಕ್ಕಾಗಿ ಬರೆಯುವ ಎಸಿಟಿ ಪರೀಕ್ಷೆಯಲ್ಲಿ ಅವುಗಳಿಗೆ ಪ್ರವೇಶವಿಲ್ಲ, ಐಬಿ (ಇಂಟರ್ನ್ಯಾಷನಲ್ ಬ್ಯಾಕಲಾರಿಯೆಟ್) ಡಿಪ್ಲೊಮಾ ಪರೀಕ್ಷೆಗಳಲ್ಲಿಯೂ ಇಲ್ಲ. ನಿಯಮ ಇರದಿದ್ದರೂ ನಾನು ಅಂಥ ಯಂತ್ರ ಕೊಡಿಸುತ್ತಿರಲಿಲ್ಲ. ಅಪವರ್ತಿಸುವುದನ್ನು ಕೈಯಲ್ಲಿ ಕಲಿಯಬೇಕಾದ ವಯಸ್ಸು ಅದು.

ಮೊದಲ ದಿನ ಎರಡೂ ಅಕ್ಷಗಳನ್ನು −10ರಿಂದ 10ರವರೆಗೆ ಇಟ್ಟು, ಎಕ್ಸ್² − 30ಎಕ್ಸ್ + 200 ಎಂಬುದರ ನಕ್ಷೆ ಬರೆಸಲು ಹೇಳಿದೆ. ಪರದೆಯ ಬಲ ಅಂಚಿನಲ್ಲಿ ಕಡಿದಾದ ಒಂದು ತುಂಡು ಗೆರೆ ಮಾತ್ರ ಕಾಣಿಸಿತು.

"ಅಮ್ಮ, ಇದು ನೇರ ಗೆರೆಯಲ್ಲವೇ?"

"ಎಕ್ಸ್ ಜಾಗದಲ್ಲಿ 15 ಹಾಕಿ ನೋಡು," ಎಂದೆ. −25 ಬಂತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಕ್ಸ್ ಅಕ್ಷವನ್ನು 0ಯಿಂದ 30ರವರೆಗೆ, ಇನ್ನೊಂದನ್ನು −30ರಿಂದ 30ರವರೆಗೆ ಬದಲಿಸಿದಳು. 10ರಲ್ಲಿ ಅಕ್ಷ ದಾಟಿ ಕೆಳಗಿಳಿದು, 20ರಲ್ಲಿ ಮೇಲೇಳುವ ಪರವಲಯ ತೆರೆದುಕೊಂಡಿತು. ಅವಳ ಕಣ್ಣು ಅರಳಿದ್ದನ್ನು ಕಂಡು ನನಗೂ ಹಿಗ್ಗಾಯಿತು. ಅಂದಿನಿಂದ ಅಕ್ಷದ ಮಿತಿಗಳನ್ನು ಎಷ್ಟು ಸುಲಭವಾಗಿ ಬದಲಿಸಬಹುದು ಎಂಬುದೇ ನನ್ನ ಮೊದಲ ಅಳತೆಗೋಲಾಯಿತು. ಈ ವಿಷಯದಲ್ಲಿ ಮೂರೂ ಸರಿಯಾಗಿಯೇ ಇದ್ದವು.

ಹಳೆಯ ಯಂತ್ರ ಸೋತದ್ದು ಪರದೆಯಲ್ಲಿ. ಅದರಲ್ಲಿರುವುದು 96×64 ಚುಕ್ಕಿಗಳು. ಪರವಲಯ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಇದನ್ನಾದರೂ ಸಹಿಸಬಹುದಿತ್ತು. ಆದರೆ 1/(ಎಕ್ಸ್ − 3) ಕೊಟ್ಟಾಗ 3ರ ಬಳಿ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದುಬಿಟ್ಟಿತು. ಆ ಗೆರೆ ನಕ್ಷೆಯ ಭಾಗವೇ ಅಲ್ಲ, ಅಕ್ಕಪಕ್ಕದ ಚುಕ್ಕಿಗಳನ್ನು ಯಂತ್ರ ಜೋಡಿಸಿದ್ದರಿಂದ ಮೂಡಿದ್ದು. ಮಗಳು ಅದನ್ನು ನಿಜವೆಂದೇ ಪುಸ್ತಕದಲ್ಲಿ ಬರೆದುಕೊಂಡಳು. ಸಿಇಯಲ್ಲಿ ಇಂತಹ ಕಡೆ ಗೆರೆ ಜೋಡಿಸದಿರುವ ಆಯ್ಕೆ ಇದೆ.

ಕೋನಗಳ ಲೆಕ್ಕದಲ್ಲಿ ಇನ್ನೊಂದು ಅಂಶ ತಿಳಿಯಿತು. ಸೈನ್ 30 ಎಂದರೆ 0.5 ಬರಬೇಕಾದಲ್ಲಿ −0.988 ಬಂದರೆ ಯಂತ್ರ ಡಿಗ್ರಿಯಲ್ಲಿಲ್ಲ, ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದೆ ಎಂದರ್ಥ. ಸಿಇ ಮತ್ತು ಕ್ಯಾಸಿಯೊ ಎರಡೂ ಇದನ್ನು ಪರದೆಯ ಮೇಲಂಚಿನಲ್ಲಿ ಸದಾ ತೋರಿಸುತ್ತವೆ. ಹಳೆಯದರಲ್ಲಿ ಮೋಡ್ ತೆರೆದು ನೋಡಬೇಕು. ಗಡಿಬಿಡಿಯ ಪರೀಕ್ಷೆಯಲ್ಲಿ ಯಾವ ಮಗುವಿಗೆ ಅದು ನೆನಪಾಗುತ್ತದೆ?

ಉಳಿದ ಎರಡರಲ್ಲಿ ನನ್ನ ಮನಸ್ಸು ಕ್ಯಾಸಿಯೊ ಕಡೆಗಿತ್ತು. ಅದರ ಮೆನು ಚಿತ್ರಗಳಿಂದ ಕೂಡಿದ್ದು, ಹೇಳಿಕೊಡದೆಯೇ ತಿಳಿಯುತ್ತದೆ. ನಾಲ್ಕು ಸಣ್ಣ ಸೆಲ್‌ಗಳಲ್ಲಿ ನಡೆಯುವುದರಿಂದ ಪರೀಕ್ಷೆಯ ಬೆಳಿಗ್ಗೆ ಸೆಲ್ ಮುಗಿದರೂ ಬದಲಿಸಬಹುದು. ಆದರೂ ಕೊನೆಗೆ ಸಿಇ ಕೊಂಡೆ. ಅವಳ ಗಣಿತದ ಮೇಷ್ಟರು ಪಾಠ ಮಾಡುವುದು ಅದರಲ್ಲಿಯೇ, ಗೆಳತಿಯರ ಬಳಿ ಇರುವುದೂ ಅದೇ. ಯಾವ ಕೀಲಿ ಎಲ್ಲಿದೆ ಎಂದು ಪಕ್ಕದ ಬೆಂಚಿನವಳು ತೋರಿಸಬಲ್ಲಳಾದರೆ, ಅದು ಯಾವ ಕೈಪಿಡಿಗಿಂತಲೂ ಮೇಲು.

ಟಿಐಯಲ್ಲಿ ಋಣಸಂಖ್ಯೆಗೊಂದು, ಕಳೆಯುವುದಕ್ಕೊಂದು ಬೇರೆ ಬೇರೆ ಕೀಲಿ ಇವೆ. −3 ಎಂದು ಆರಂಭಿಸಲು ಕಳೆಯುವ ಕೀಲಿ ಒತ್ತಿದರೆ, ಹಿಂದಿನ ಲೆಕ್ಕದ ಉತ್ತರದಿಂದ 3 ಕಳೆದು ತಪ್ಪು ಉತ್ತರವನ್ನು ಸದ್ದಿಲ್ಲದೆ ಕೊಡುತ್ತದೆ. ಇದು ಅಭ್ಯಾಸವಾಗುವವರೆಗೆ ದಿನಕ್ಕೆ ಹತ್ತು ಲೆಕ್ಕ ಮಾಡಿಸಿದೆ. ಸಿಇಯ ಬ್ಯಾಟರಿ ಚಾರ್ಜ್ ಮಾಡುವಂಥದ್ದಾದ್ದರಿಂದ, ಪರೀಕ್ಷೆಯ ಹಿಂದಿನ ಸಂಜೆ ಅದನ್ನು ಚಾರ್ಜಿಗೆ ಹಾಕುವ ಕೆಲಸ ಮಾತ್ರ ಇಂದಿಗೂ ನನ್ನದೇ.